ಮಾವನೋರ ಗುಡ್ಡದ ಹನ್ನೊಂದು ಹಳ್ಳ

2016ರ ಡಿಸೆಂಬರ್. ನಕ್ಷೆ ತಯಾರಿಸುವ ಒಂದು ಕಚೇರಿಯ ದಾವಣಗೆರೆ ಕ್ಯಾಂಪಿನಲ್ಲಿ ನಾನು ಆಗ ಪರಿಶೀಲನಾಧಿಕಾರಿ. ವಿದ್ಯಾನಗರದಲ್ಲಿ ಬಾಡಿಗೆಗೆ ಹಿಡಿದ ಮನೆಯೊಂದರ ಮೇಲಂತಸ್ತೇ ನಮ್ಮ ಆಫೀಸು. ಕೆಳಗೆ ಕಾಲೇಜು ಹುಡುಗಿಯರ ಹಾಸ್ಟೆಲ್ ಇತ್ತು. ಅವರ ನಗು ಮೆಟ್ಟಿಲು ಹತ್ತಿ ನಮ್ಮ ಟೇಬಲ್ಲಿನವರೆಗೂ ಬರುತ್ತಿತ್ತು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಉಪಗ್ರಹದ ಚಿತ್ರಗಳು ಬಂದ ಮೇಲೆ ಗುಡ್ಡದ ಎತ್ತರ, ಹಳ್ಳದ ತಿರುವು, ಕೆರೆಯ ಅಂಚು ಎಲ್ಲವೂ ಕುಳಿತಲ್ಲಿಯೇ ಸಿಗುತ್ತವೆ. ಹೆಸರು ಮಾತ್ರ ಆಕಾಶದಿಂದ ಕಾಣುವುದಿಲ್ಲ. ಅದನ್ನು ಯಾರಾದರೂ ಊರಿಗೆ ಹೋಗಿ ಕೇಳಿಯೇ ಬರಬೇಕು. ಕೇಳಿದ್ದನ್ನು ಬರೆಯುವ ಕಾಗದಕ್ಕೆ ನಾವು ನೇಮ್ ಶೀಟ್ ಎನ್ನುತ್ತಿದ್ದೆವು. ಒಂದು ಹೆಸರು ಅದರಲ್ಲಿ ಸೇರಬೇಕಾದರೆ ಬೇರೆ ಬೇರೆ ಮನೆಯ ಮೂವರು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸದಂತೆ, ಅದೇ ಹೆಸರನ್ನು ಹೇಳಬೇಕು. ಹೆಸರು ಬರೆಯುವವರು ರೆಕಾರ್ಡರ್. ಆಮೇಲೆ ನನ್ನಂಥವಳು ಸ್ಥಳಕ್ಕೆ ಹೋಗಿ ಕೆಲವನ್ನು ಮರುಪರೀಕ್ಷೆ ಮಾಡಿ ಸಹಿ ಹಾಕಬೇಕು. ತಪ್ಪು ಕಂಡರೆ ಪೆನ್ಸಿಲಿನಲ್ಲಿ ಗುರುತು ಹಾಕಿ ಶೀಟನ್ನು ರೆಕಾರ್ಡರ್‌ಗೇ ವಾಪಸ್ ಕೊಡುವುದು ನಮ್ಮ ಪದ್ಧತಿ. ಅವರು ಮತ್ತೆ ಹೋಗಿ ಕೇಳಿ ತಿದ್ದಿಕೊಂಡು ಬರುತ್ತಿದ್ದರು. ಅಷ್ಟೇ. ಆ ತಪ್ಪು ಆ ಕೋಣೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ತಪ್ಪುಗಳೂ ಹಾಗೆಯೇ ಪೆನ್ಸಿಲಿನಲ್ಲಿ ತಿದ್ದಿಹೋಗಿವೆ.

ಆ ವರ್ಷ ಕಾಂಟ್ರ್ಯಾಕ್ಟ್ ಮೇಲೆ ಬಂದ ರೆಕಾರ್ಡರ್ ನಸೀಮಾ. ಹರಿಹರದವಳು, ಮೂವತ್ತರ ಆಸುಪಾಸು, ಭೂಗೋಳದಲ್ಲಿ ಬಿ.ಎ. ದಿನಾ ಬೆಳಗ್ಗೆ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಸಂಜೆ ಹಿಂದಿರುಗುತ್ತಿದ್ದಳು. ಮನೆಯಲ್ಲಿ ಉರ್ದು, ಹೊರಗೆ ನದಿ ದಂಡೆಯ ಕನ್ನಡ. ವರ್ಷದ ಕೊನೆಗೆ ಕೆಲಸ ಚೆನ್ನಾಗಿದ್ದವರನ್ನು ಮುಂದುವರಿಸುತ್ತೇವೆಂದು ಮೇಲಿನವರು ಹೇಳಿದ್ದರು. ಅವಳು ಆ ಮಾತನ್ನೇ ನಂಬಿಕೊಂಡಿದ್ದಳು.

ಟು ಬಿ ಹಾನೆಸ್ಟ್, ಮೊದಲ ವಾರದಿಂದಲೇ ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕನ್ನಡ ಪೀರಿಯಡ್ ಬಿಟ್ಟರೆ ಅಲ್ಲಿ ಕನ್ನಡ ಆಡುವಂತಿರಲಿಲ್ಲ. ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಿಂದಲೇ ನನಗೆ ಕೆಲಸ ಸಿಕ್ಕಿತು, ಪ್ರಮೋಷನ್ ಸಿಕ್ಕಿತು. ಆದರೆ ಹಳ್ಳಿಯಲ್ಲಿ ನಾನು ಬಾಯಿ ತೆರೆದ ಕೂಡಲೇ ಜನ ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತವರು ಹೆಸರು ಹೇಳುವುದಿಲ್ಲ. "ಗುಡ್ಡ ಅಂತೀವ್ರಿ", "ಹಳ್ಳ ಅಂತೀವ್ರಿ", ಮುಗಿಯಿತು. ನಸೀಮಾ ಹೋದರೆ ಅದೇ ಜನ ಕೂತಲ್ಲಿಂದ ಏಳುತ್ತಿರಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದರು.

ನಮ್ಮ ಜೀಪಿನ ಡ್ರೈವರ್ ರುದ್ರಪ್ಪ ಇದನ್ನು ಮುಖಕ್ಕೇ ಹೇಳಿದ್ದ. ಆನಗೋಡಿನಿಂದ ಆಚೆಗೆ ಒಂದು ಊರು. ಹೆಸರು ಬರೆಯುವುದೇ ಬದುಕಾಗಿದ್ದವಳು ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕಥೆಯ ಜನ ಇನ್ನೂ ಅಲ್ಲಿದ್ದಾರೆ. ಊರ ಬಾಗಿಲಲ್ಲಿ ಜೀಪು ನಿಲ್ಲಿಸಿ ರುದ್ರಪ್ಪ ಅಂದ:

"ಮೇಡಂ, ನಸೀಮಕ್ಕನ್ನ ಮುಂದೆ ಬಿಡ್ರಿ, ನೀವು ಹಿಂದೆ ಬರ್ರಿ. ನೀವು ಮುಂದೆ ಹೋದ್ರೆ ಎಲ್ರೂ ರೇಷನ್ ಕಾರ್ಡ್ ಹಿಡ್ಕಂಡು ಬರ್ತಾರೆ."

ನಸೀಮಾ ನಗಲಿಲ್ಲ, ಅದು ಅವಳ ಒಳ್ಳೆಯತನ. ನನಗೆ ಆ ಒಳ್ಳೆಯತನವನ್ನೂ ಸಹಿಸಲಾಗಲಿಲ್ಲ.

ಊರಿನ ಹಿಂದೆ ಒಂದು ಗುಡ್ಡ. ಗುಡ್ಡದಿಂದ ಸುತ್ತಲೂ ಇಳಿಯುವ ಹನ್ನೊಂದು ಸಣ್ಣ ಹಳ್ಳ. ಮಳೆಗಾಲದಲ್ಲಿ ಹರಿದು, ಬೇಸಿಗೆಗೆ ಗುಂಡಿಗಳಲ್ಲಿ ಒಂದಿಷ್ಟು ನೀರು ಉಳಿಸಿಕೊಳ್ಳುವಂಥವು. ಹಳೆಯ ನಕ್ಷೆಯಲ್ಲಿ ಗುಡ್ಡಕ್ಕೂ ಹೆಸರಿರಲಿಲ್ಲ, ಹಳ್ಳಗಳಿಗೂ ಇರಲಿಲ್ಲ. ಒಂದು ಮನೆಯ ಮುಂದೆ ಹೆಂಗಸರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಸೀಮಾ ಹೋದವಳೇ ಅವರ ಮೊರಕ್ಕೆ ಕೈಹಾಕಿ ತಾನೂ ಬಿಡಿಸತೊಡಗಿದಳು.

"ಅಮ್ಮಾ, ಬಟ್ಟೆ ಒಗೆಯಾಕೆ ಯಾವ ಹಳ್ಳಕ್ಕೆ ಹೋಗ್ತೀರಿ?"

ಅವರಲ್ಲಿ ಹಿರಿಯಳಾದ ಗೌರಮ್ಮ, "ಯಾವುದು ಅಂತ ಹೇಳ್ಲಿ ತಾಯಿ, ಒಂದಾ ಎರಡಾ? ಗಂಡಂದು ಒಗೆಯಾಕೆ ಒಂದು, ಕೂಸಿಂದು ಒಗೆಯಾಕೆ ಒಂದು," ಎಂದಳು. ಆಮೇಲೆ ನನ್ನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು: "ಆ ಅಮ್ಮಾರು ಯಾಕೆ ನಿಂತೇ ಅದಾರೆ? ಸೊಂಟ ಹಿಡಕಂಡೈತೇನು?"

ಎಲ್ಲರೂ ನಕ್ಕರು. ನಾನು ಜೀಪಿಗೆ ಹೋಗಿ ಕೂತೆ.

ನಸೀಮಾ ಆರು ದಿನ ಆ ಊರಿಗೆ ಹೋದಳು. ಸೌದೆಗೆ ಹೋಗುವ ಹೆಂಗಸರ ಜೊತೆ ಗುಡ್ಡ ಹತ್ತಿ ಇಳಿದಳು. ಏಳನೆಯ ದಿನ ನನ್ನ ಟೇಬಲ್ ಮೇಲೆ ಶೀಟು ಇಟ್ಟಳು. ಹನ್ನೆರಡು ಹೆಸರು: ಗುಡ್ಡದ್ದೊಂದು, ಹಳ್ಳಗಳದ್ದು ಹನ್ನೊಂದು. ಪ್ರತಿ ಹೆಸರಿಗೂ ಸಾಕ್ಷಿ ಅದೇ ಮೂವರು, ಮೂರು ಬೇರೆ ಮನೆಯವರು: ಗೌರಮ್ಮ, ಹೊನ್ನಮ್ಮ, ಕೆಂಚಮ್ಮ. ಗುಡ್ಡದ ಹೆಸರು ಮಾವನೋರ ಗುಡ್ಡ. ಹಳ್ಳಗಳ ಹೆಸರನ್ನು ನಾನು ಓದಲೇ ಇಲ್ಲ. ಅವಳ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಅದನ್ನೇ ನೋಡುತ್ತಾ ಕೂತುಬಿಟ್ಟೆ. ನನ್ನ ಇಡೀ ಸರ್ವೀಸಿನಲ್ಲಿ ಒಂದು ಗುಡ್ಡದ ಸುತ್ತ ಹನ್ನೆರಡು ಹೆಸರು ನನಗೆ ಸಿಕ್ಕಿದ್ದಿಲ್ಲ. ನಾಲ್ಕು ಸಿಕ್ಕರೆ ಅದೇ ದೊಡ್ಡದು.

ಮರುಪರೀಕ್ಷೆಗೆ ನಾನೊಬ್ಬಳೇ ರುದ್ರಪ್ಪನ ಜೊತೆ ಹೋದೆ. ಊರ ಕಟ್ಟೆಯ ಮೇಲೆ ಪರಸಪ್ಪ ಎಂಬ ವೃದ್ಧರು ಕೂತಿದ್ದರು. "ಮಾವನೋರ ಗುಡ್ಡ ಇದೇ ಅಲ್ಲವೇ?" ಎಂದು ಕೇಳಿದೆ.

"ಅಂಥ ಗುಡ್ಡ ನಮ್ಮೂರಾಗೆ ಯಾವುದೂ ಇಲ್ಲ ಬಿಡ್ರಿ. ಯಾರು ಹೇಳಿದ್ದು?"

ಮೂವರ ಹೆಸರು ಓದಿದೆ. ಪರಸಪ್ಪ ಕೆಮ್ಮು ಬರುವವರೆಗೆ ನಕ್ಕರು.

"ಅವರು ಹೆಂಗೆ ಹೇಳ್ತಾರ್ರಿ ಮೇಡಂ? ಅದು ಓಬಪ್ಪನ ಗುಡ್ಡ. ಗುಡ್ಡದ ಮ್ಯಾಲೆ ಓಬಪ್ಪ ದೇವರು, ಹಂಗಾಗಿ ಮನೆಗೊಬ್ಬ ಓಬಪ್ಪ. ಗೌರಮ್ಮನ ಮಾವ ಓಬಪ್ಪ. ಹೊನ್ನಮ್ಮನ ಮಾವನೂ ಓಬಪ್ಪ. ಕೆಂಚಮ್ಮನಿಗೆ ಮಾವನೂ ಓಬಪ್ಪ, ಭಾವನೂ ಓಬಪ್ಪ. ಅವರ ಬಾಯಾಗೆ ಆ ಹೆಸರು ಬರ್ತೈತೇನು?"

ಅಷ್ಟರಲ್ಲಿ ಕೊಡ ಹೊತ್ತು ಬರುತ್ತಿದ್ದ ಗೌರಮ್ಮನನ್ನು ಅವರೇ ಕೂಗಿದರು. "ಬಾರವ್ವ, ಮೇಡಮ್ಮಾರಿಗೆ ಗುಡ್ಡದ ಹೆಸರು ಹೇಳು."

ಗೌರಮ್ಮ ಸೆರಗು ಬಾಯಿಗಡ್ಡ ಹಿಡಿದಳು. "ಅಂವ ಹೇಳಿದ್ನಲ್ಲ, ಅದೇ. ನನ್ನ ಬಾಯಾಗೆ ಹೇಳಿಸಬ್ಯಾಡ್ರಿ." ಆಮೇಲೆ ನನ್ನ ಹಿಂದೆ, ಜೀಪಿನೊಳಗೆ ಇಣುಕಿ, "ಆ ಹುಡುಗಿ ಬರಲಿಲ್ಲೇನು? ಅವಳಿಗೆ ಅವರೆಕಾಳು ಕಟ್ಟಿಟ್ಟಿದ್ದೆ," ಎಂದಳು.

ನಸೀಮಾಳ ತಪ್ಪು ಇಷ್ಟೇ. ಗಂಡನ ಹೆಸರು, ಮಾವನ ಹೆಸರು ಹೇಳಬಾರದೆಂಬ ರೂಢಿ ಅವಳಿಗೂ ಗೊತ್ತು. ಆದರೆ ಮೂರು ಮನೆಯವರು ಒಂದೇ ಹೆಸರು ಹೇಳಿದಾಗ, ಮೂವರೂ ಓಬಪ್ಪಂದಿರ ಮನೆಯ ಸೊಸೆಯಂದಿರೆಂದು ಅವಳಿಗೆ ಹೊಳೆಯಲಿಲ್ಲ. ಒಬ್ಬ ಗಂಡಸನ್ನು ಕೇಳಿದ್ದರೆ ಸರಿಹೋಗುತ್ತಿತ್ತು. ಹೆಂಗಸರ ನಡುವೆ ಅವಳಿಗೆ ಅಷ್ಟು ಸುಲಭವಾಗಿ ಎಲ್ಲ ಸಿಗುತ್ತಿದ್ದುದರಿಂದ ಗಂಡಸರನ್ನು ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಪೆನ್ಸಿಲಿನಲ್ಲಿ ಒಂದು ಗೆರೆ. ಅದು ಅಷ್ಟೇ ಬೇಡುತ್ತಿದ್ದ ತಪ್ಪು.

ಆಫೀಸಿಗೆ ಬಂದು ನಾನು ಪೆನ್ಸಿಲ್ ತೆಗೆಯಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಮೇಲಧಿಕಾರಿಗಳಿಗೆ ಎರಡು ಪುಟದ ನೋಟ್ ಬರೆದೆ, ಇಂಗ್ಲಿಷಿನಲ್ಲಿ. ಆ ದಿನ ನನ್ನ ಇಂಗ್ಲಿಷ್ ಬಹಳ ಚೆನ್ನಾಗಿತ್ತು. ಸಿಸ್ಟರುಗಳು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಗುಡ್ಡದ ಹೆಸರು ತಪ್ಪಾಗಿದೆ ಎಂದಷ್ಟೇ ಬರೆಯಬಹುದಿತ್ತು. ನಾನು ಬರೆದದ್ದು: ಸಾಕ್ಷಿಗಳು ಓದು ಬಾರದ, ರೂಢಿಗೆ ಕಟ್ಟುಬಿದ್ದ ಹೆಂಗಸರು, ಅವರ ಮಾತನ್ನು ಆಧಾರವಾಗಿ ಇಟ್ಟುಕೊಳ್ಳಲು ಬರುವುದಿಲ್ಲ, ರೆಕಾರ್ಡರ್ ಜನಪ್ರಿಯತೆಯನ್ನೇ ಕೆಲಸವೆಂದು ತಿಳಿದಿದ್ದಾರೆ. ಕೊನೆಯ ವಾಕ್ಯವನ್ನು ಎರಡು ಸಲ ಓದಿ, ಖುಷಿಪಟ್ಟು, ಕಳಿಸಿದೆ.

ಹದಿನೈದು ದಿನಕ್ಕೆ ಉತ್ತರ ಬಂತು. ಹೆಂಗಸರ ಸಾಕ್ಷ್ಯ ಮಾತ್ರ ಇರುವ ಎಲ್ಲ ಹೆಸರುಗಳನ್ನೂ ಗಂಡಸರಿಂದ ಖಚಿತಪಡಿಸಿಕೊಳ್ಳಬೇಕು, ಆಗದಿದ್ದರೆ ಕೈಬಿಡಬೇಕು. ಇದನ್ನು ನಾನು ಎಣಿಸಿರಲಿಲ್ಲ. ನನ್ನ ಗುರಿ ನಸೀಮಾ ಆಗಿದ್ದಳು, ಹಳ್ಳಗಳಲ್ಲ. ಒಂದು ಮಧ್ಯಾಹ್ನ ಹೋಗಿ ಕಟ್ಟೆಯ ಮೇಲಿದ್ದ ಐದಾರು ಗಂಡಸರನ್ನು ಕೇಳಿದೆ. ಗುಡ್ಡದ ಹೆಸರನ್ನು ಒಂದೇ ಉಸಿರಿಗೆ ಹೇಳಿದರು. ಹಳ್ಳಗಳ ವಿಷಯಕ್ಕೆ ಬಂದಾಗ ಒಬ್ಬರ ಮುಖ ಒಬ್ಬರು ನೋಡಿದರು.

"ಹಳ್ಳಕ್ಕೆ ಎಂಥ ಹೆಸರ್ರಿ?" ಎಂದರು ಪರಸಪ್ಪ. "ಇದು ನಮ್ಮ ಹೊಲದ ಹಳ್ಳ, ಅದು ಅವರ ಹೊಲದ ಹಳ್ಳ. ಬಟ್ಟೆ ಒಗೆಯಾಕೆ ನಾವು ಹೋಗ್ತೀವೇನು?"

ಹನ್ನೊಂದು ಹೆಸರುಗಳನ್ನೂ ಕೈಬಿಟ್ಟೆ. ಗುಡ್ಡವನ್ನು ತಿದ್ದಿದೆ. ಶೀಟಿನ ಕೆಳಗೆ ಸಹಿ ಹಾಕಿದೆ.

ಮಾರ್ಚಿನಲ್ಲಿ ನಸೀಮಾಳ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ನನ್ನ ನೋಟಿನ ಪ್ರತಿ ಅವಳಿಗೂ ಸಿಕ್ಕಿತ್ತು. ಹೊರಡುವ ದಿನ ನನ್ನ ಟೇಬಲ್ ಮುಂದೆ ಬಂದು ನಿಂತಳು.

"ಮೇಡಂ, ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ರಿ. ಮಾರನೇ ದಿನ ಮೊದಲ ಬಸ್ಸಿಗೆ ಹೋಗಿ ಸರಿ ಮಾಡ್ತಿದ್ದೆ."

"ರೂಲ್ ಈಸ್ ಎ ರೂಲ್, ನಸೀಮಾ."

"ರೂಲ್ ಪ್ರಕಾರ ಶೀಟು ನನಗೆ ವಾಪಸ್ ಬರಬೇಕಿತ್ತು." ಮತ್ತೆ ಅಂದಳು: "ಗುಡ್ಡ ಬಿಡ್ರಿ, ನನ್ನ ತಪ್ಪೈತೆ. ಹಳ್ಳಗಳಿಗೆ ಯಾರ ಮಾವನ ಹೆಸರೂ ಇರಲಿಲ್ವಲ್ಲ ಮೇಡಂ. ಅವನ್ನ ಯಾಕೆ ಅಳಿಸಿದ್ರಿ?"

ನಾನು ಫೈಲ್ ತೆರೆದು ಓದುವಂತೆ ನಟಿಸಿದೆ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಆಫೀಸಿನಲ್ಲಿ ನಾನೇ ಎಲ್ಲರಿಗಿಂತ ಚೆನ್ನಾಗಿ ಹೆಸರು ತರುವವಳಾದೆ. ಆ ಸಮಾಧಾನ ಸಾಕಷ್ಟು ದಿನ ಬಾಳಿತು. ಬೇಗ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ನಾನು ನಿವೃತ್ತಳಾಗುವ ತಿಂಗಳಲ್ಲಿ ಆ ನಕ್ಷೆ ಅಚ್ಚಾಗಿ ಬಂತು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಅದರ ಒಂದು ಪ್ರತಿಗೆ ಕಟ್ಟು ಹಾಕಿಸಿ ನನಗೆ ಕೊಟ್ಟರು, ನನ್ನ ಕೊನೆಯ ಶೀಟು ಎಂದು. ಮನೆಯ ಗೋಡೆಗೆ ಹಾಕಿದೆ. ಓಬಪ್ಪನ ಗುಡ್ಡ, ಅಚ್ಚುಕಟ್ಟಾದ ಅಕ್ಷರದಲ್ಲಿ. ಅದರಿಂದ ಇಳಿಯುವ ಹನ್ನೊಂದು ನೀಲಿ ಗೆರೆ, ಯಾವುದಕ್ಕೂ ಹೆಸರಿಲ್ಲ. ಬೆಳಗಿನ ಕಾಫಿ ಕುಡಿಯುವಾಗ ಎದುರಿಗೇ ಅದು. ಮೊದಮೊದಲು ಗುಡ್ಡವನ್ನು ನೋಡುತ್ತಿದ್ದೆ. ವರ್ಷ ಕಳೆದಂತೆ ಕಣ್ಣು ಗೆರೆಗಳ ಮೇಲೆ ನಿಲ್ಲತೊಡಗಿತು. ಅವುಗಳಲ್ಲಿ ಒಂದರ ಹೆಸರಾದರೂ ನೆನಪಾಗುತ್ತದೆಯೇ ಎಂದು ಪ್ರಯತ್ನಿಸಿದೆ. ಒಂದೂ ಬರಲಿಲ್ಲ. ನಾನು ಅವನ್ನು ಓದಿಯೇ ಇರಲಿಲ್ಲವಲ್ಲ.

2024ರಲ್ಲಿ, ಬಿಟ್ಟುಹೋದ ಸ್ಥಳನಾಮಗಳನ್ನು ಸಾರ್ವಜನಿಕರೂ ಆನ್‌ಲೈನ್ ಫಾರ್ಮಿನಲ್ಲಿ ಕಳಿಸಬಹುದೆಂದು ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಹೆಂಗಸರು, ಗಂಡಸರು ಎಂಬ ಭೇದ ಆ ಫಾರ್ಮಿನಲ್ಲಿ ಇರಲಿಲ್ಲ, ಊರಿನವರ ಒಪ್ಪಿಗೆ ಇದ್ದರೆ ಸಾಕು. ನಸೀಮಾಳ ಮೂಲ ಶೀಟನ್ನು ಆಫೀಸಿನಲ್ಲಿ ಕೇಳಿದೆ. ಹಳೆಯ ಕಾಗದಗಳನ್ನೆಲ್ಲ ವಿಲೇವಾರಿ ಮಾಡಿಯಾಗಿತ್ತು. ಆ ಹೆಸರುಗಳು ಉಳಿದಿದ್ದರೆ ಅವಳ ತಲೆಯಲ್ಲಿ ಉಳಿದಿರಬೇಕು, ಇಲ್ಲವೇ ಆ ಮೂವರು ಹೆಂಗಸರ ಬಾಯಲ್ಲಿ.

ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ಸಾರಿ ಎನ್ನುವುದು ಸುಲಭ, ಕಾಲು ತುಳಿದರೂ ಸಾರಿಯೇ. ನಸೀಮಾ ಒಂದು ಓಣಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು. ನನ್ನನ್ನು ಕಂಡು ಮಿಶಿನ್ ನಿಲ್ಲಿಸಿದಳು.

"ಬರ್ರಿ ಮೇಡಂ, ಕೂಡ್ರಿ. ಬ್ಲೌಸ್ ಹೊಲಿಸಾಕೆ ಇಷ್ಟು ದೂರ ಬಂದ್ರಾ?"

ಜೋಡಿಸಿಕೊಂಡಿದ್ದ ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ತಪ್ಪಾಯ್ತು ನಸೀಮಾ," ಎಂದೆ. "ಬೇಕಂತಲೇ ಮಾಡಿದೆ."

ಅವಳು ಕತ್ತರಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು. "ಬೇಕಂತಲೇ ಅಂತ ನನಗೆ ಆವಾಗಲೇ ಗೊತ್ತಿತ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ. ನೀವು ದೊಡ್ಡೋರು, ನಿಮಗೆ ನನ್ನಿಂದ ಏನಾಗ್ಬೇಕಿತ್ತು?"

"ನಿನಗೆ ಜನ ಜಾಗ ಕೊಡುತ್ತಿದ್ದರು."

ಅವಳು ಎದ್ದು ಚಹಾಕ್ಕೆ ಹೇಳಿ ಬಂದಳು. "ಆಮೇಲೆ ಯಾರೂ ಆ ಕೆಲಸ ಕೊಡ್ಲಿಲ್ಲ ಮೇಡಂ. ಹೊಲಿಗೆ ಎಲ್ರಿಗೂ ಬರ್ತೈತೆ. ಅದೊಂದು ನನಗೇ ಬರ್ತಿತ್ತು." ಚಹಾ ಬಂತು. ಕುಡಿದೆವು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಫಾರ್ಮಿನ ವಿಷಯ ಹೇಳಿದೆ. ಅವಳು ಬಟ್ಟೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಕಟಿಂಗ್ ಟೇಬಲ್ಲಿನ ಮರದ ಮೇಲೆಯೇ ಒಂದು ಗುಡ್ಡ ಬರೆದಳು. ಗುಡ್ಡದಿಂದ ಒಂದೊಂದೇ ಗೆರೆ ಇಳಿಸುತ್ತಾ ಹೋದಳು.

"ಇದು ಲಕ್ಕಿ ಹಳ್ಳ, ಬಾಣಂತಿ ನೀರಿಗೆ ಲಕ್ಕಿ ಸೊಪ್ಪು ಇಲ್ಲಿಂದ ತರ್ತಾರೆ. ಇದು ಸವಳು ಹಳ್ಳ, ಆ ಮಣ್ಣಾಗೆ ಬಟ್ಟೆ ಬೆಳ್ಳಗಾಗ್ತಾವೆ. ಇದು ಕೊಡ ಒಡೆದ ಹಳ್ಳ, ಇಲ್ಲಿ ಇಳಿಯಾಕೆ ಜಾರ್ತೈತೆ. ಇದು ತಂಗಿ ಹಳ್ಳ, ಮುಂದೆ ಹೋಗಿ ಅಕ್ಕನ ಹಳ್ಳ ಸೇರ್ತೈತೆ..."

ನಾನು ಬರೆದುಕೊಂಡೆ. ಏಳು ವರ್ಷವಾಗಿತ್ತು, ಅವಳ ಮುಂದೆ ಒಂದು ಚೀಟಿಯೂ ಇರಲಿಲ್ಲ. ನಾನು ದಾಖಲಿಸಿದ ಸಾವಿರ ಹೆಸರುಗಳಲ್ಲಿ ಕಾಗದವಿಲ್ಲದೆ ನನಗೆ ಹತ್ತೂ ನೆನಪಿಲ್ಲ. ತಪ್ಪೊಪ್ಪಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ, ಮತ್ತೆ ಅದೇ ಹೊಟ್ಟೆಕಿಚ್ಚು. ಹತ್ತು ಗೆರೆ ಮುಗಿಯಿತು. ಹನ್ನೊಂದನೆಯದರ ಮೇಲೆ ಸೀಮೆಸುಣ್ಣ ನಿಂತಿತು.

"ಇದು ಗುಡ್ಡದ ಹಿಂದಿನ ಬದಿ. ಗೌರಮ್ಮಜ್ಜಿ ಕರ್ಕೊಂಡು ಹೋಗಿ ತೋರಿಸಿದ್ದು..." ಕಣ್ಣು ಮುಚ್ಚಿ, ತೆರೆದು, ತಲೆ ಅಲ್ಲಾಡಿಸಿದಳು. "ಬರ್ತಿಲ್ಲ ಮೇಡಂ. ನಡೀರಿ, ಅವರನ್ನೇ ಕೇಳೋಣ."

ಅಂಗಡಿಗೆ ಒಂದು ದಿನ ಬೀಗ ಹಾಕಿ ಅವಳು ಬಂದಳು. ಊರಿನಲ್ಲಿ ಹೊನ್ನಮ್ಮ ಅವಳನ್ನು ದೂರದಿಂದಲೇ ಗುರುತು ಹಿಡಿದು, "ಎಲ್ಲಿ ಹಾಳಾಗಿ ಹೋಗಿದ್ದೆಯೇ ಇಷ್ಟು ವರ್ಷ?" ಎಂದು ಬೈದು, ಕೈ ಹಿಡಿದು ಕೂರಿಸಿಕೊಂಡಳು. ನಾನು ಇಬ್ಬರ ಚೀಲಗಳನ್ನೂ ಹಿಡಿದು ನಿಂತಿದ್ದೆ. ನಸೀಮಾ ಪಕ್ಕಕ್ಕೆ ಸರಿದು, "ಕೂಡ್ರಿ ಮೇಡಂ," ಎಂದಳು. ಕೂತೆ.

ಹತ್ತು ಹೆಸರನ್ನೂ ಹೊನ್ನಮ್ಮ ಒಪ್ಪಿದಳು. ಊರಿನ ಬೇರೆ ಮನೆಗಳ ಇಬ್ಬರು ಮುದುಕಿಯರೂ ಬೇರೆ ಬೇರೆಯಾಗಿ ಕೇಳಿದಾಗ ಅವನ್ನೇ ಹೇಳಿದರು. ಹನ್ನೊಂದನೆಯದಕ್ಕೆ ಮೂವರೂ ಸೋತರು.

"ಆ ಕಡೆ ಗೌರಕ್ಕನ ಮನೆಯೋರೇ ಹೋಗ್ತಿದ್ದಿದ್ದು," ಎಂದಳು ಹೊನ್ನಮ್ಮ. "ಗೌರಕ್ಕ ತೀರ್ಕಂಡು ಎರಡು ವರ್ಷ ಆತು. ಕೆಂಚಮ್ಮನಿಗೆ ನೆನಪು ಹೋಗೈತೆ, ಮಗಳ ಮನೆಯಾಗೆ ಅದಾಳೆ. ಆವಾಗ ನಾನೂ ಹೇಳಿದ್ದೆ, ನಾಲಿಗೆ ತುದಿಯಾಗೈತೆ, ಬರವಲ್ದು." ಗೌರಮ್ಮನ ಸೊಸೆಯನ್ನು ಕರೆದು ಕೇಳಿದೆವು. ಆಕೆ ಬಾಗಿಲ ಬಳಿಯ ನಲ್ಲಿಯನ್ನು ತೋರಿಸಿದಳು. "ನಾನು ಬರೋದ್ರೊಳಗೆ ಇದು ಬಂದಿತ್ತಕ್ಕ. ಆ ಹಳ್ಳಕ್ಕೆ ನಾನು ಒಂದು ಸಲನೂ ಹೋಗಿಲ್ಲ."

2016ರಲ್ಲಿ ಆ ಹೆಸರು ದುಂಡಗಿನ ಅಕ್ಷರದಲ್ಲಿ ನನ್ನ ಟೇಬಲ್ ಮೇಲಿತ್ತು. ನಾನು ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೆ.

ಮನೆಗೆ ಬಂದು ಫಾರ್ಮ್ ತುಂಬಿದೆ. 'ದಾಖಲಿಸಿದವರು' ಎಂಬ ಕಾಲಂನಲ್ಲಿ ನಸೀಮಾಳ ಹೆಸರು ಟೈಪ್ ಮಾಡುವ ಮುಂಚೆ ನನ್ನ ಬೆರಳು ಒಂದು ಕ್ಷಣ ತಡೆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಟೈಪ್ ಮಾಡಿದೆ. ಹತ್ತು ಸಾಲು ಸರಾಗವಾಗಿ ಹೋದವು. ಹನ್ನೊಂದನೆಯ ಸಾಲು ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುತ್ತಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ಎಳೆಯ ದನಿಯೊಂದು, "ಹೆಸರು ಇಲ್ಲದಿದ್ರೆ ಆ ಸಾಲೇ ಡಿಲೀಟ್ ಮಾಡಿ ಮೇಡಂ, ಸಿಂಪಲ್," ಎಂದಿತು.

ಹೆಸರೇ ಇಲ್ಲದ ಹಳ್ಳವೂ, ಯಾರೋ ಹೆಸರು ಕಳೆದ ಹಳ್ಳವೂ ನಕ್ಷೆಯಲ್ಲಿ ಒಂದೇ ಥರದ ನೀಲಿ ಗೆರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಕೇಳಿ ಬರಲು ಹೋದವರಿಗೆ ಮಾತ್ರ. ಗೊತ್ತಿದ್ದೂ ಸುಮ್ಮನಿರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ಕಲಿಯಲು ನನಗೆ ಮೂವತ್ತು ವರ್ಷದ ಸರ್ವೀಸೂ ಸಾಲದೆ, ಅದರ ಮೇಲೆ ಆರು ವರ್ಷದ ಪೆನ್ಷನ್ನೂ ಬೇಕಾಯಿತು.

ಸಾಲನ್ನು ಅಳಿಸಲಿಲ್ಲ. ಹೆಸರಿನ ಜಾಗದಲ್ಲಿ ಕನ್ನಡದಲ್ಲಿಯೇ ಬರೆದೆ: ಹೆಸರಿತ್ತು.